ಗಣಕಕ್ಕೆ ಹೊಸ ಪಾರುಪತ್ಯಗಾರ

ಊರಿನಲ್ಲೊಂದು ಛತ್ರವಿದೆಯೆಂದು ಭಾವಿಸೋಣ. ಬರುವ ಯಾತ್ರಿಕರು ಹಲವರು. ಇರುವ ಕೋಣೆಗಳು ಕೆಲವು. ಒಲೆಗಳು ಅದಕ್ಕಿಂತಲೂ ಕಡಿಮೆ. ಯಾರಿಗೆ ಯಾವ ಕೋಣೆ, ಉಗ್ರಾಣದ ಬೀಗದ ಕೈ ಯಾರ ವಶದಲ್ಲಿರಬೇಕು, ಒಲೆಯ ಸರದಿ ಯಾರದು ಎಂಬುದನ್ನೆಲ್ಲ ನಿಶ್ಚಯಿಸುವವನು ಪಾರುಪತ್ಯಗಾರ. ಅವನಿಲ್ಲದಿದ್ದರೆ ಅಲ್ಲಿ ಕಲಹ ನಡೆದೀತೇ ಹೊರತು ಊಟ ನಡೆಯದು. ಗಣಕಯಂತ್ರದೊಳಗೂ ಇಂಥ ಪಾರುಪತ್ಯಗಾರನೊಬ್ಬನಿದ್ದಾನೆ. ಅವನನ್ನು ಆಪರೇಟಿಂಗ್ ಸಿಸ್ಟಂ, ಎಂದರೆ ಕಾರ್ಯಾಚರಣ ವ್ಯವಸ್ಥೆ ಎಂದು ಕರೆಯುತ್ತೇವೆ.

ನಾವು ಗಣಕದ ಮುಂದೆ ಕುಳಿತು ಹಾಡು ಕೇಳುತ್ತ ಪ್ರಬಂಧ ಬರೆಯುತ್ತಿರುವಾಗ ಎರಡು ಕೆಲಸಗಳೂ ಏಕಕಾಲದಲ್ಲಿ ನಡೆಯುವಂತೆ ತೋರುತ್ತವೆ. ವಾಸ್ತವವಾಗಿ, ವ್ಯವಸ್ಥೆಯು ಸಂಸ್ಕಾರಕದ ಕಾಲವನ್ನು ಸೆಕೆಂಡಿನ ಸಾವಿರದ ಕೆಲವೇ ಅಂಶಗಳಷ್ಟು ಸಣ್ಣ ಪಾಲುಗಳಾಗಿ ಕತ್ತರಿಸಿ, ಕಾದಿರುವ ಕೆಲಸಗಳಿಗೆ ಸರದಿಯಂತೆ ಹಂಚುತ್ತಿರುತ್ತದೆ. ಸ್ಮೃತಿಯಲ್ಲಿ ಯಾವ ಭಾಗ ಯಾವ ಕೆಲಸಕ್ಕೆ, ಡಿಸ್ಕಿನಲ್ಲಿ ಯಾವ ಕಡತ ಎಲ್ಲಿ ಎಂಬ ಲೆಕ್ಕವನ್ನೂ ಅದೇ ಇಡುತ್ತದೆ. ಒಬ್ಬರ ಕೋಣೆಗೆ ಇನ್ನೊಬ್ಬರು ನುಗ್ಗದಂತೆ ತಡೆಯುವ ಕಾವಲೂ ಅದರದೇ.

ಹೀಗೆ ದುಡಿಯುವ ಪಾರುಪತ್ಯಗಾರನನ್ನು ಬದಲಾಯಿಸುವುದೇಕೆ? ಹೊಸತರ ಮೋಹವೊಂದೇ ಇದಕ್ಕೆ ಕಾರಣವಲ್ಲ. ಇಂದಿನ ವ್ಯವಸ್ಥೆಗಳು ಕೋಟಿಗಟ್ಟಲೆ ಸಾಲುಗಳ ಬರವಣಿಗೆಯಿಂದಾದವು. ಮನುಷ್ಯರು ಬರೆದ ಇಷ್ಟು ದೊಡ್ಡ ಬರಹದಲ್ಲಿ ತಪ್ಪುಗಳಿರುವುದು ಸಹಜ. ಕೆಲವು ತಪ್ಪುಗಳು ಗೋಡೆಯ ಕನ್ನದಂತೆ. ಅರಿತವನು ಅದರ ಮೂಲಕ ಒಳಗೆ ನುಗ್ಗಬಲ್ಲನು. ಕನ್ನ ಕಂಡಾಗಲೆಲ್ಲ ತಯಾರಕರು ಅದನ್ನು ಮುಚ್ಚುವ ತೇಪೆಯನ್ನು ಕಳುಹಿಸುತ್ತಾರೆ. ಆದರೆ ಈ ಸೇವೆಗೂ ಒಂದು ಅವಧಿಯುಂಟು. ವಿಂಡೋಸ್ ಎಕ್ಸ್‌ಪಿ ೨೦೦೧ರಲ್ಲಿ ಬಂದಿತು; ೨೦೧೪ರ ಏಪ್ರಿಲ್ ೮ರಂದು ಅದರ ಸೇವೆ ಮುಗಿಯಿತು. ಆ ಬಳಿಕವೂ ಅನೇಕರು ಅದನ್ನೇ ಬಳಸುತ್ತಿದ್ದರು.

ಮುಂದೆ ನಡೆದುದನ್ನು ನೋಡೋಣ. ವಿಂಡೋಸಿನಲ್ಲಿ ಕಡತಗಳನ್ನು ಒಂದು ಗಣಕದಿಂದ ಇನ್ನೊಂದಕ್ಕೆ ಹಂಚುವ ಭಾಗದಲ್ಲಿ ಒಂದು ಕನ್ನವಿದ್ದಿತು. ೨೦೧೭ರ ಮಾರ್ಚ್ ೧೪ರಂದು ಅದಕ್ಕೆ ತೇಪೆ ಹೊರಟಿತು. ೫೯ ದಿನಗಳ ಮೇಲೆ, ಮೇ ೧೨ರಂದು, ವಾನ್ನಾಕ್ರೈ ಎಂಬ ದುಷ್ಟ ತಂತ್ರಾಂಶವು ಆ ಕನ್ನದ ಮೂಲಕವೇ ನುಗ್ಗಿ ಸುಮಾರು ೧೫೦ ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಗಣಕಗಳನ್ನು ಹಿಡಿಯಿತು. ಕಡತಗಳಿಗೆ ಬೀಗ ಜಡಿದು, ಬಿಡುಗಡೆಗೆ ಹಣ ಕೇಳುವುದು ಅದರ ರೀತಿ. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನು ಮುಂದಕ್ಕೆ ಹಾಕಬೇಕಾಯಿತು. ಕೆಲವೆಡೆ ತುರ್ತು ರೋಗಿಗಳನ್ನು ಬೇರೆ ಆಸ್ಪತ್ರೆಗೆ ಸಾಗಿಸಬೇಕಾಯಿತು. ಎಕ್ಸ್‌ಪಿಗೆ ಸೇವೆ ಮುಗಿದಿದ್ದರೂ, ಅನಾಹುತವಾದ ಮೇಲೆ ತಯಾರಕರು ಅದಕ್ಕೂ ತೇಪೆಯನ್ನು ಕೊಟ್ಟರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹಾನಿಗೊಳಗಾದ ಗಣಕಗಳಲ್ಲಿ ಹೆಚ್ಚಿನವು ಎಕ್ಸ್‌ಪಿಯವಲ್ಲ, ಸೇವೆಯಿನ್ನೂ ಮುಗಿಯದಿದ್ದ ವಿಂಡೋಸ್ ೭ರವು. ತೇಪೆ ಕೈಗೆ ಬಂದಿದ್ದರೂ ಹಾಕಿಕೊಂಡಿರಲಿಲ್ಲವಷ್ಟೆ. ಆದುದರಿಂದ ಹೊಸ ವ್ಯವಸ್ಥೆಯನ್ನು ತಂದುಕೊಂಡ ಮಾತ್ರಕ್ಕೆ ಕ್ಷೇಮವಿಲ್ಲ. ತೇಪೆಯನ್ನು ಕಾಲಕಾಲಕ್ಕೆ ಹಾಕುತ್ತಿರಬೇಕು. ಸೇವೆ ಮುಗಿದ ವ್ಯವಸ್ಥೆಗಾದರೋ ಹಾಕಲು ತೇಪೆಯೇ ಸಿಕ್ಕದು.

ಅದೇ ಸರದಿ ಮುಂದೆ ವಿಂಡೋಸ್ ೧೦ಕ್ಕೆ ಬಂದಿತು. ೨೦೧೫ರಲ್ಲಿ ಹೊರಬಂದ ಅದರ ಸಾಮಾನ್ಯ ಸೇವೆ ೨೦೨೫ರ ಅಕ್ಟೋಬರ್ ೧೪ಕ್ಕೆ ಕೊನೆಗೊಂಡಿತು. ಅದರ ಉತ್ತರಾಧಿಕಾರಿಯಾದ ವಿಂಡೋಸ್ ೧೧ ಎಲ್ಲ ಯಂತ್ರಗಳಲ್ಲಿಯೂ ನೆಲಸದು. ಅದಕ್ಕೆ ಕನಿಷ್ಠ ೪ ಗಿಗಾಬೈಟ್ ಸ್ಮೃತಿ, ೬೪ ಗಿಗಾಬೈಟ್ ಡಿಸ್ಕ್ ಸ್ಥಳ, ಜೊತೆಗೆ ಟಿಪಿಎಂ ೨.೦ ಎಂಬ ರಕ್ಷಣಾ ಘಟಕವೂ ಬೇಕು. ಗುಪ್ತ ಕೀಲಿಗಳನ್ನು ಪ್ರತ್ಯೇಕವಾಗಿ ಕಾಪಾಡುವುದೂ, ಗಣಕವು ಎಚ್ಚೆತ್ತಾಗ ಓಡುವ ತಂತ್ರಾಂಶಗಳ ಗುರುತನ್ನು ದಾಖಲಿಸುವುದೂ ಈ ಘಟಕದ ಕೆಲಸ. ಹಳೆಯ ಯಂತ್ರಗಳು ಈ ಪರೀಕ್ಷೆಯಲ್ಲಿ ಅನುತ್ತೀರ್ಣವಾಗುತ್ತವೆ. ಹಾಗೆಂದು ಅವನ್ನು ಗುಜರಿಗೆ ಹಾಕಬೇಕಾಗಿಲ್ಲ. ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಉಚಿತವಾಗಿ ದೊರೆಯುವುದು. ಅದರ ಹಗುರವಾದ ರೂಪಗಳು ಹಳೆಯ ಯಂತ್ರಗಳಲ್ಲಿಯೂ ಚೆನ್ನಾಗಿ ನಡೆಯುತ್ತವೆ.

ಇನ್ನು ಬದಲಾವಣೆ ನಡೆಯುವ ಬಗೆ ಹೇಗೆ? ಕುಳಿತ ಕೊಂಬೆಯನ್ನೇ ಕಡಿಯಲಾಗದಂತೆ, ಓಡುತ್ತಿರುವ ವ್ಯವಸ್ಥೆಯು ತನ್ನನ್ನು ತಾನೇ ಪೂರ್ತಿಯಾಗಿ ಬದಲಿಸಿಕೊಳ್ಳಲಾರದು. ಆದುದರಿಂದ ಮೊದಲು ಹೊಸ ಕಡತಗಳು ಡಿಸ್ಕಿನ ಒಂದು ಮೂಲೆಗೆ ಬಂದು ಸೇರುತ್ತವೆ. ಅನಂತರ ಗಣಕವು ಪುನಃ ಆರಂಭವಾಗಿ, ತಾತ್ಕಾಲಿಕವಾದ ಒಂದು ಚಿಕ್ಕ ವ್ಯವಸ್ಥೆಯ ವಶಕ್ಕೆ ಹೋಗುತ್ತದೆ. ಅದು ಹಳೆಯದನ್ನು ಬದಿಗೆ ಸರಿಸಿ, ಹೊಸದನ್ನು ಅದರ ಜಾಗದಲ್ಲಿ ಇಟ್ಟು, ತಾನು ನಿವೃತ್ತಿ ಹೊಂದುತ್ತದೆ. ವಿಂಡೋಸ್ ೧೧ ಈ ಹಳೆಯದನ್ನು ಸಾಮಾನ್ಯವಾಗಿ ಹತ್ತು ದಿನ ಉಳಿಸಿಕೊಂಡಿರುವುದು. ಹೊಸದು ಒಗ್ಗದಿದ್ದರೆ ಅಷ್ಟರೊಳಗೆ ಹಿಂದಿರುಗಬಹುದು. ಕೆಲಸದ ನಡುವೆ ವಿದ್ಯುತ್ತು ಹೋದರೆ ಕಡತಗಳು ಅರೆಬರೆಯಾಗಿ ಉಳಿಯುವ ಅಪಾಯವಿದೆಯಾದ್ದರಿಂದ ಬ್ಯಾಟರಿಯ ಆಸರೆಯಿರುವುದು ಒಳ್ಳೆಯದು.

ಕನ್ನಡದಲ್ಲಿ ಬರೆಯುವ ನಮಗೆ ವಿಶೇಷವಾದ ಎಚ್ಚರವೊಂದು ಬೇಕು. ಯೂನಿಕೋಡ್ ರೂಢಿಗೆ ಬರುವ ಮೊದಲು ಕನ್ನಡ ಬರಹವನ್ನು ರೋಮನ್ ಲಿಪಿಯ ಸಂಕೇತಗಳಲ್ಲಿಯೇ ಉಳಿಸಿ, ವಿಶೇಷ ಅಕ್ಷರವಿನ್ಯಾಸದ ನೆರವಿನಿಂದ ಕನ್ನಡವಾಗಿ ಕಾಣಿಸುತ್ತಿದ್ದರು. ಹೊಸ ವ್ಯವಸ್ಥೆಯಲ್ಲಿ ಆ ವಿನ್ಯಾಸವಿಲ್ಲದಿದ್ದರೆ ಅಜ್ಜನ ಕಾಗದವೂ ತಂದೆಯ ಪ್ರಬಂಧವೂ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಬರಹ ನಾಶವಾಗಿರುವುದಿಲ್ಲ, ಓದುವ ಕನ್ನಡಕ ಕಳೆದಿರುತ್ತದೆ. ಬದಲಾವಣೆಗೆ ಮೊದಲೇ ಅಂಥ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಜಾಣತನ.

ಕಡೆಯದಾಗಿ, ಮುಖ್ಯವಾದ ಕಡತಗಳೆಲ್ಲದರ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ತೆಗೆದಿಡೋಣ. ತೆಗೆದಿಟ್ಟರೆ ಸಾಲದು, ಆ ಡಿಸ್ಕನ್ನು ಇನ್ನೊಂದು ಗಣಕಕ್ಕೆ ಜೋಡಿಸಿ ನಾಲ್ಕಾರು ಕಡತಗಳನ್ನು ತೆರೆದು ಓದಿ ನೋಡೋಣ. ಪ್ರತಿ ಸರಿಯಾಗಿದೆಯೆಂದು ಕಣ್ಣಾರೆ ಕಂಡ ಮೇಲೆ ಹೊಸ ಪಾರುಪತ್ಯಗಾರನಿಗೆ ಬೀಗದ ಕೈಗಳನ್ನು ನಿರ್ಭಯವಾಗಿ ಒಪ್ಪಿಸಬಹುದು.