ಶೀತಲಗೃಹದ ಲೆಕ್ಕದಲ್ಲಿ ಎರಡು ಡಿಗ್ರಿಯ ಬೆಲೆ

ಬ್ಯಾಡಗಿಯ ಮೆಣಸಿನಕಾಯಿ ವರ್ತಕರಿಗೆ ಶೀತಲಗೃಹವು ಹೊಸತಲ್ಲ. ಬಣ್ಣ ಕೆಡದಂತೆ ದಾಸ್ತಾನನ್ನು ಕಾಯುವ ಈ ಘಟಕಗಳ ನಿರ್ವಹಣಾ ವೆಚ್ಚದಲ್ಲಿ ವಿದ್ಯುತ್ತಿನ ಪಾಲು ದೊಡ್ಡದು. ಬಿಲ್ಲು ಏರಿತೆಂದು ಹೊಸ ಕಂಪ್ರೆಸರಿಗೆ ಬಂಡವಾಳ ಹೂಡುವ ಮುನ್ನ, ಉಷ್ಣತೆಯನ್ನು ಅಳೆಯುವ ಸೆನ್ಸರನ್ನು ಪರೀಕ್ಷಿಸುವುದು ಜಾಣತನ.

ಸೆನ್ಸರು ವಾಸ್ತವಕ್ಕಿಂತ 2 ಡಿಗ್ರಿ ಸೆಲ್ಸಿಯಸ್ ಹೆಚ್ಚು ತೋರಿಸಿದರೆ, ಯಂತ್ರವು ಕೊಠಡಿಯನ್ನು ಅಷ್ಟೇ ಅನಗತ್ಯವಾಗಿ ತಣಿಸುತ್ತದೆ. ಕಾಯಿಲಿನೊಳಗೆ ಶೀತಕವು ಆವಿಯಾಗುವ ಉಷ್ಣತೆ 1 ಡಿಗ್ರಿ ಇಳಿದಂತೆಲ್ಲ ಕಂಪ್ರೆಸರಿನ ವಿದ್ಯುತ್ ಬಳಕೆ ಸುಮಾರು ಶೇ. 2ರಿಂದ 3ರಷ್ಟು ಏರುತ್ತದೆ. ಕಂಪ್ರೆಸರಿನ ಬಾಬ್ತು ಮಾಸಿಕ ರೂ. 2 ಲಕ್ಷವೆಂದು ಭಾವಿಸಿದರೆ, ಈ ದೋಷದಿಂದಾಗುವ ನಷ್ಟ ತಿಂಗಳಿಗೆ ರೂ. 8,000ದಿಂದ 12,000. ಸೆನ್ಸರು ಕಡಿಮೆ ತೋರಿಸಿದರೆ ಬಿಲ್ಲು ಇಳಿದೀತು, ಆದರೆ ಸರಕು ಕೆಟ್ಟೀತು.

ಪರೀಕ್ಷೆ ಸುಲಭ. ಪುಡಿಮಾಡಿದ ಮಂಜುಗಡ್ಡೆಗೆ ಶುದ್ಧ ನೀರು ಬೆರೆಸಿ, ಕಲಕಿ, ಅದರಲ್ಲಿ ಸೆನ್ಸರನ್ನು ಮುಳುಗಿಸಿದರೆ ಕೆಲವು ನಿಮಿಷಗಳಲ್ಲಿ 0 ಡಿಗ್ರಿ ತೋರಿಸಬೇಕು. ಅದನ್ನು ಬಾಗಿಲ ಬಳಿ ಇಡದೆ, ಕಾಯಿಲಿಗೆ ಮರಳುವ ಗಾಳಿಯ ಹಾದಿಯಲ್ಲಿ ಅಳವಡಿಸುವುದು ಉತ್ತಮ. ಪರೀಕ್ಷೆಯ ದಿನಾಂಕ ಹಾಗೂ ಅಳತೆಯನ್ನು ಪುಸ್ತಕದಲ್ಲಿ ದಾಖಲಿಸತಕ್ಕದ್ದು.

ತಕ್ಕಡಿಗೆ ಕಾಲಕಾಲಕ್ಕೆ ಮುದ್ರೆ ಹಾಕಿಸುವ ವರ್ತಕರು ಈ ಪುಟ್ಟ ಅಳತೆಗೋಲನ್ನೂ ಅಷ್ಟೇ ಶ್ರದ್ಧೆಯಿಂದ ನೋಡಿಕೊಳ್ಳುವುದು ಲಾಭದಾಯಕ.