ಹತ್ತು ಸಾವಿರ ಪೌಂಡಿನ ನಾಯಕ

ಇಂಗ್ಲಿಷ್ ಕಾದಂಬರಿಗಳನ್ನು ಎರವಲು ಕೊಡುವ ಯಾವ ಪುಸ್ತಕಾಲಯಕ್ಕೆ ಹೋದರೂ ಒಂದು ಬಗೆಯ ಪುಸ್ತಕಗಳು ಕಣ್ಣಿಗೆ ಬೀಳದಿರುವುದಿಲ್ಲ. ಮುಖಪುಟದ ಮೇಲೆ ತೆಳುವಾದ ಮಸ್ಲಿನ್ ನಿಲುವಂಗಿಯನ್ನು ತೊಟ್ಟ ತರುಣಿ; ಪಕ್ಕದಲ್ಲಿ ಮಿರುಗುವ ಬೂಟುಗಳನ್ನು ಧರಿಸಿ, ಕೊರಳಿಗೆ ಬಿಳಿಯ ವಸ್ತ್ರವನ್ನು ನಾಜೂಕಾಗಿ ಕಟ್ಟಿಕೊಂಡ ಗಂಭೀರ ಪುರುಷ; ಹಿಂದೆ ಒಂದು ಸಾರೋಟು. ಇವೇ ರೀಜೆನ್ಸಿ ಪ್ರಣಯ ಕಾದಂಬರಿಗಳು. ಇವುಗಳ ಹೆಸರೆತ್ತಿದರೆ ವಿದ್ವಾಂಸರು ಮುಗುಳ್ನಗುತ್ತಾರೆ. ಹಾಗೆ ನಕ್ಕವರಲ್ಲಿ ಕೆಲವರ ದಿಂಬಿನ ಕೆಳಗೇ ಇಂಥದೊಂದು ಪುಸ್ತಕವಿರುವುದನ್ನು ನಾನು ಬಲ್ಲೆ. ನೂರಾರು ಬಾರಿ ಹೇಳಿದ ಕಥೆಯನ್ನೇ ಮತ್ತೆ ಹೇಳುವ ಈ ಕಾದಂಬರಿಗಳು ಇನ್ನೂ ಏಕೆ ಹಳಸಿಲ್ಲ? ಅವುಗಳ ನಾಯಕನಲ್ಲಿ ಅಂಥ ಆಕರ್ಷಣೆ ಏನಿದೆ? ಇದು ವಿಚಾರಕ್ಕೆ ಯೋಗ್ಯವಾದ ಪ್ರಶ್ನೆ ಎಂದು ನನ್ನ ಭಾವನೆ.

ಮೊದಲು ಕಾಲದ ಮಾತು. ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್ ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡ ಕಾರಣ 1811ರಲ್ಲಿ ಅವನ ಹಿರಿಯ ಮಗ ರಾಜಪ್ರತಿನಿಧಿಯಾದನು. 1820ರಲ್ಲಿ ತಂದೆ ತೀರಿಕೊಂಡ ಮೇಲೆ ಅವನೇ ನಾಲ್ಕನೆಯ ಜಾರ್ಜ್ ಆದನು. ನಡುವಣ ಈ ಒಂಬತ್ತು ವರ್ಷಗಳೇ ಕಟ್ಟುನಿಟ್ಟಾದ ಅರ್ಥದಲ್ಲಿ ರೀಜೆನ್ಸಿ ಯುಗ. ಇಷ್ಟು ಕಿರಿದಾದ ಕಾಲಖಂಡದಿಂದ ಇಷ್ಟು ಹಿರಿದಾದ ಕಥಾರಾಶಿ ಹುಟ್ಟಿದ್ದು ಸೋಜಿಗವೇ ಸರಿ.

ಇದಕ್ಕೆ ಬೀಜ ಬಿತ್ತಿದವಳು ಜೇನ್ ಆಸ್ಟೆನ್. ಅವಳ ಮೊದಲ ಕಾದಂಬರಿ 1811ರಲ್ಲಿ ಪ್ರಕಟವಾಯಿತು. ‘ಪ್ರೈಡ್ ಅಂಡ್ ಪ್ರೆಜುಡಿಸ್’ 1813ರಲ್ಲಿ. ಮುಖಪುಟದಲ್ಲಿ ಅವಳ ಹೆಸರಿರಲಿಲ್ಲ. ಆ ಕಾದಂಬರಿಯ ನಾಯಕ ಡಾರ್ಸಿಯ ವಾರ್ಷಿಕ ವರಮಾನ ಹತ್ತು ಸಾವಿರ ಪೌಂಡು. ಅವನನ್ನು ಸೃಷ್ಟಿಸಿದ ಲೇಖಕಿ ಆ ಕೃತಿಯ ಸಂಪೂರ್ಣ ಹಕ್ಕನ್ನು ಮಾರಿ ಪಡೆದದ್ದು ನೂರ ಹತ್ತು ಪೌಂಡು! ಈ ಎರಡು ಅಂಕಿಗಳ ನಡುವಣ ಅಂತರದಲ್ಲಿಯೇ ನಮ್ಮ ಪ್ರಶ್ನೆಯ ಅರ್ಧ ಉತ್ತರವಿದೆ.

ಆ ಕಾಲದ ಕುಲೀನ ಹೆಣ್ಣಿಗೆ ಮದುವೆಯೆಂಬುದು ಹೃದಯದ ವ್ಯವಹಾರವಾಗಿದ್ದಷ್ಟೇ ಹೊಟ್ಟೆಪಾಡಿನ ವ್ಯವಹಾರವೂ ಆಗಿತ್ತು. ಬೆನೆಟ್ ದಂಪತಿಗಳಿಗೆ ಐವರು ಹೆಣ್ಣುಮಕ್ಕಳು. ತಂದೆ ಕಣ್ಣು ಮುಚ್ಚಿದೊಡನೆ ಆಸ್ತಿಯೆಲ್ಲ ದೂರದ ದಾಯಾದಿಗೆ. ಮದುವೆಯಾದರೆ, ವಿಶೇಷ ಒಪ್ಪಂದವಿಲ್ಲದಿದ್ದಲ್ಲಿ, ಅವಳ ಹಣವೆಲ್ಲ ಗಂಡನದು. ವಿವಾಹಿತ ಸ್ತ್ರೀಯ ಆಸ್ತಿಹಕ್ಕಿನ ಕಾಯಿದೆಗಳು ಬಂದದ್ದು 1870 ಮತ್ತು 1882ರಲ್ಲಿ. ಮರುಮದುವೆಗೆ ಅವಕಾಶವಿರುವಂಥ ವಿಚ್ಛೇದನ ಬೇಕೆಂದರೆ 1857ರವರೆಗೆ ಪಾರ್ಲಿಮೆಂಟಿನಲ್ಲಿ ಪ್ರತ್ಯೇಕ ಶಾಸನವೇ ಆಗಬೇಕಿತ್ತು. ಹೀಗಿರುವಾಗ ಒಬ್ಬ ತರುಣಿ ನೃತ್ಯಕೂಟದಲ್ಲಿ ಯಾರ ಕೈ ಹಿಡಿಯುತ್ತಾಳೆಂಬುದು ಅವಳ ಬಾಳಿನ ಒಂದೇ ಒಂದು ದೊಡ್ಡ ನಿರ್ಧಾರ. ಸಣ್ಣ ಮಾತು, ಸಣ್ಣ ನೋಟ, ತಪ್ಪಾಗಿ ಓದಿಕೊಂಡ ಒಂದು ಪತ್ರ, ಎಲ್ಲಕ್ಕೂ ಇಲ್ಲಿ ತೂಕ ಬರುವುದು ಇದರಿಂದಲೇ. ಜಾತಕದ ಜೊತೆಗೆ ಜಮೀನಿನ ಲೆಕ್ಕವನ್ನೂ ನೋಡಿ ಬಲ್ಲ ನಮ್ಮ ಓದುಗರಿಗೆ ಈ ಲೋಕ ಅಷ್ಟೇನೂ ಅಪರಿಚಿತವೆನಿಸದು.

ಆಸ್ಟೆನ್ ತನ್ನ ಸಮಕಾಲೀನ ಬದುಕನ್ನು ಬರೆದಳು. ಅದನ್ನು ಗತಕಾಲದ ಸೊಗಸಿನ ಲೋಕವನ್ನಾಗಿ ಮಾಡಿ ಒಂದು ಪ್ರಕಾರವನ್ನೇ ಕಟ್ಟಿದವಳು ಜಾರ್ಜೆಟ್ ಹೇಯರ್. 1902ರಲ್ಲಿ ಹುಟ್ಟಿದ ಈಕೆ ಅಸ್ವಸ್ಥನಾದ ತಮ್ಮನ ಬೇಸರ ಕಳೆಯಲೆಂದು ಹೆಣೆದ ಕಥೆಯೇ 1921ರಲ್ಲಿ ಅವಳ ಮೊದಲ ಕಾದಂಬರಿಯಾಯಿತು. 1935ರ ‘ರೀಜೆನ್ಸಿ ಬಕ್’ ಈ ಯುಗವನ್ನು ಕುರಿತ ಅವಳ ಮೊದಲ ಪ್ರಣಯಕಥೆ. 1974ರಲ್ಲಿ ತೀರಿಕೊಳ್ಳುವವರೆಗೂ ಅವಳು ಸಂದರ್ಶನಗಳನ್ನು ತಪ್ಪಿಸಿಕೊಂಡೇ ಬಾಳಿದಳು. ಉಡುಪು, ಗಾಡಿ, ಬೈಗುಳ, ಊಟ ಎಲ್ಲದರ ಬಗೆಗೂ ಟಿಪ್ಪಣಿ ಪುಸ್ತಕಗಳನ್ನು ಇಟ್ಟಿದ್ದಳು. ವಾಟರ್ಲೂ ಕದನವನ್ನು ಕುರಿತ ‘ಆ್ಯನ್ ಇನ್‌ಫೇಮಸ್ ಆರ್ಮಿ’ 1937ರಲ್ಲಿ ಹೊರಬಂದಿತು. ಅದರಲ್ಲಿ ಬರುವ ಸೇನಾಪತಿ ವೆಲಿಂಗ್ಟನ್ ನಮಗೂ ಹೊರಗಿನವನಲ್ಲ; 1799ರಲ್ಲಿ ಟೀಪುವಿನ ಪತನದ ಬಳಿಕ ಶ್ರೀರಂಗಪಟ್ಟಣದ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಅವನು.

ಇನ್ನು ನಾಯಕನ ವಿಚಾರ. ಇವನ ಹಿಂದೆ ಇಬ್ಬರು ಐತಿಹಾಸಿಕ ಪುರುಷರ ನೆರಳಿದೆ. ಒಬ್ಬ, ಸರಳವಾದ ಆದರೆ ಲೋಪವಿಲ್ಲದ ಉಡುಪಿನಿಂದ ಲಂಡನ್ನನ್ನು ಆಳಿದ ಬ್ರಮೆಲ್. ಸಾಲಗಾರರಿಗೆ ಹೆದರಿ 1816ರಲ್ಲಿ ಫ್ರಾನ್ಸಿಗೆ ಓಡಿಹೋದವನು. ಇನ್ನೊಬ್ಬ, 1812ರಲ್ಲಿ ಒಮ್ಮೆಲೇ ಪ್ರಸಿದ್ಧನಾದ ಕವಿ ಬೈರನ್. ಮೊದಲನೆಯವನಿಂದ ಹೊರಗಿನ ಸಂಯಮ ಬಂದಿತು, ಎರಡನೆಯವನಿಂದ ಒಳಗಿನ ಬಿರುಗಾಳಿ. ನಮ್ಮ ಆಲಂಕಾರಿಕರು ನಾಯಕರನ್ನು ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಶಾಂತ ಎಂದು ನಾಲ್ಕಾಗಿ ವಿಂಗಡಿಸಿದರಷ್ಟೆ. ರೀಜೆನ್ಸಿ ನಾಯಕನ ವಿಶೇಷವೆಂದರೆ ಅವನು ಒಂದು ವರ್ಗದಲ್ಲಿ ಕಥೆಯನ್ನು ಪ್ರವೇಶಿಸಿ ಇನ್ನೊಂದರಲ್ಲಿ ಮುಗಿಸುತ್ತಾನೆ. ಉದ್ಧತನಾಗಿ ಬರುತ್ತಾನೆ, ಉದಾತ್ತನಾಗಿ ಹೊರಡುತ್ತಾನೆ. ಈ ಪಯಣವೇ ಕಥೆ.

ಡಾರ್ಸಿಯನ್ನೇ ನೋಡಿ. ತಾನು ಕೇಳಿದ ಮೇಲೆ ಹೆಣ್ಣು ಒಪ್ಪದಿರುವುದುಂಟೇ ಎಂಬ ಭಾವದಿಂದ ಎಲಿಜಬೆತ್ ಬೆನೆಟಳ ಮುಂದೆ ನಿಲ್ಲುತ್ತಾನೆ. ಅವಳು ಒಲ್ಲೆನೆನ್ನುತ್ತಾಳೆ. ಹತ್ತು ಸಾವಿರ ಪೌಂಡಿಗೆ ಬಡ ಹೆಣ್ಣೊಬ್ಬಳು ಒಲ್ಲೆನೆನ್ನುವ ಆ ಗಳಿಗೆಯಿಂದಲೇ ಈ ಪ್ರಕಾರದ ಇಡೀ ಬಳ್ಳಿ ಹಬ್ಬಿದೆ ಎಂದರೆ ತಪ್ಪಾಗದು. ಅವನು ಸಿಟ್ಟಾಗುತ್ತಾನೆ, ಆದರೆ ಅವಳ ಮಾತನ್ನು ಮರೆಯುವುದಿಲ್ಲ, ತನ್ನನ್ನು ತಿದ್ದಿಕೊಳ್ಳುತ್ತಾನೆ, ಅವಳ ಮನೆತನಕ್ಕೆ ಮಾಡಿದ ಉಪಕಾರವನ್ನು ಅವಳಿಂದಲೇ ಮುಚ್ಚಿಡುತ್ತಾನೆ. ಓದುಗಳನ್ನು ಸೆಳೆಯುವುದು ಅವನ ಅರಮನೆಗಿಂತ ಹೆಚ್ಚಾಗಿ, ಅಧಿಕಾರವುಳ್ಳ ಗಂಡಸೊಬ್ಬ ಹೆಣ್ಣಿನ ಮಾತಿಗೆ ಕಿವಿಗೊಟ್ಟನೆಂಬ ಸಂಗತಿ.

ಎಲ್ಲ ನಾಯಕರೂ ಇದೇ ಅಚ್ಚಿನವರೆಂದು ತಿಳಿಯಬಾರದು. ‘ಪರ್ಸುಏಷನ್’ ಕಾದಂಬರಿಯ ವೆಂಟ್‌ವರ್ತ್ ನೌಕಾದಳದಲ್ಲಿ ದುಡಿದು ಸಂಪತ್ತು ಗಳಿಸಿದವನು. ಎಂಟು ವರ್ಷಗಳ ಹಿಂದೆ ತನ್ನನ್ನು ಬಿಟ್ಟ ಹೆಣ್ಣನ್ನು ಇನ್ನೂ ಮರೆಯದವನು. ಹೇಯರಳ ‘ಕೊಟಿಲಿಯನ್’ ಕೃತಿಯಲ್ಲಂತೂ ಚೆಲುವ ಸಾಹಸಿ ಸೋಲುತ್ತಾನೆ. ಬುದ್ಧಿವಂತನೆಂಬ ಹೆಸರಿಲ್ಲದ, ನಡತೆ ಬಲ್ಲ, ಸಮಯಕ್ಕೆ ಒದಗುವ ಫ್ರೆಡಿ ಗೆಲ್ಲುತ್ತಾನೆ. ತಾನು ಕಟ್ಟಿದ ಪ್ರಕಾರವನ್ನು ಲೇಖಕಿಯೇ ನವಿರಾಗಿ ಗೇಲಿ ಮಾಡಿದ್ದಾಳೆ. ನನಗೆ ಅತ್ಯಂತ ಪ್ರಿಯನಾದ ನಾಯಕ ಈ ಫ್ರೆಡಿಯೇ.

ಆದರೆ ಈ ದೀಪಗಳ ಬೆಳಕಿನಾಚೆ ಕತ್ತಲೆಯೂ ಇತ್ತು. 1811ರಲ್ಲಿಯೇ ಹೊಟ್ಟೆಗಿಲ್ಲದ ನೇಕಾರರು ಯಂತ್ರಗಳನ್ನು ಒಡೆಯತೊಡಗಿದ್ದರು. 1819ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮತದಾನದ ಹಕ್ಕು ಕೇಳಲು ನೆರೆದ ಜನರ ಮೇಲೆ ಕುದುರೆ ಸವಾರರು ಕತ್ತಿಬೀಸಿದರು. ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ತೊಡೆಯುವ ಶಾಸನ ಬಂದದ್ದು 1833ರಲ್ಲಿ. ಪ್ರಣಯ ಕಾದಂಬರಿಗಳು ಸಾಮಾನ್ಯವಾಗಿ ಇವುಗಳ ಕಡೆಗೆ ಬೆನ್ನು ತಿರುಗಿಸುತ್ತವೆ. ಹೇಯರಳ ‘ದ ಗ್ರ್ಯಾಂಡ್ ಸೋಫಿ’ಯಲ್ಲಿ ಯೆಹೂದಿ ಲೇವಾದೇವಿಗಾರನ ಚಿತ್ರ ಇಂದಿನ ಓದುಗರಿಗೆ ಅಸಹ್ಯವೆನಿಸುವಂತಿದೆ. ಜೂಲಿಯಾ ಕ್ವಿನ್ನಳ ಕಾದಂಬರಿಗಳನ್ನು ಆಧರಿಸಿ 2020ರಲ್ಲಿ ತೆರೆಕಂಡ ‘ಬ್ರಿಜರ್ಟನ್’ ಮಾಲಿಕೆ ಕಪ್ಪು ವರ್ಣದವರನ್ನು ಡ್ಯೂಕ್ ಪದವಿಯಲ್ಲಿ, ರಾಣಿಯ ಪೀಠದಲ್ಲಿ ಕೂರಿಸಿತು. ಅದು ಇತಿಹಾಸದ ತಿದ್ದುಪಡಿಯೋ ಮರೆವೋ ಎಂಬ ಚರ್ಚೆಯೂ ಎದ್ದಿತು.

ಇದಕ್ಕಿಂತ ಆಳವಾದ ಆಕ್ಷೇಪ ಇನ್ನೊಂದಿದೆ. ಈ ಕಥೆಗಳಲ್ಲಿ ಬದಲಾಗುವುದು ಒಬ್ಬ ಗಂಡಸಿನ ಮನಸ್ಸು, ಕಾನೂನಲ್ಲ. ಎಲಿಜಬೆತ್ ಪಾರಾಗುತ್ತಾಳೆ. ಅವಳ ಗೆಳತಿ ಷಾರ್ಲಟ್ ಮಾತ್ರ ಇಪ್ಪತ್ತೇಳರ ವಯಸ್ಸಿನಲ್ಲಿ, ಬೇರೆ ದಾರಿ ಕಾಣದೆ, ತಾನು ಗೌರವಿಸದ ಪುರುಷನ ಕೈ ಹಿಡಿಯುತ್ತಾಳೆ. ಡಾರ್ಸಿ ಒಬ್ಬನೇ, ಷಾರ್ಲಟರು ಅಸಂಖ್ಯ. ಆಸ್ಟೆನ್ ಇದನ್ನು ಬಲ್ಲವಳಾದ್ದರಿಂದಲೇ ಇಬ್ಬರನ್ನೂ ಒಂದೇ ಪುಸ್ತಕದಲ್ಲಿ ಇರಿಸಿದಳು. ಅವಳ ಹಿಂದೆ ಬಂದ ಅನೇಕರು ಡಾರ್ಸಿಯನ್ನು ಉಳಿಸಿಕೊಂಡು ಷಾರ್ಲಟಳನ್ನು ಕೈಬಿಟ್ಟರು.

ಹಾಗೆಂದು ಈ ಕಾದಂಬರಿಗಳನ್ನು ಓದುವವರನ್ನು ಹಳಿಯುವ ಗುಂಪಿಗೆ ನಾನು ಸೇರಲಾರೆ. ತನ್ನ ಮಾತಿಗೆ ಬೆಲೆಯಿರಬೇಕು, ತನ್ನ ನಿರಾಕರಣೆಯನ್ನು ನಿರಾಕರಣೆಯೆಂದೇ ತಿಳಿಯಬೇಕು ಎಂಬ ಬಯಕೆ ಕ್ಷುಲ್ಲಕವಾದುದಲ್ಲ. ಆ ಬಯಕೆ ಲೋಕದಲ್ಲಿ ಸಹಜವಾಗಿ ಈಡೇರುವವರೆಗೆ ಅದು ಕಥೆಯಲ್ಲಿ ಆಸರೆಯನ್ನು ಅರಸುತ್ತಲೇ ಇರುತ್ತದೆ.