ನೆಲಸುವ ಹಕ್ಕಿಗೆ ಇಪ್ಪತ್ತನಾಲ್ಕು ಪ್ರಶ್ನೆಗಳು

ಹುಬ್ಬಳ್ಳಿ, ಮೈಸೂರು, ಮಂಗಳೂರುಗಳಿಂದ ವೈದ್ಯವೃತ್ತಿಗಾಗಿಯೋ ಗಣಕಯಂತ್ರದ ಕೆಲಸಕ್ಕಾಗಿಯೋ ಇಂಗ್ಲೆಂಡಿಗೆ ತೆರಳಿದ ನಮ್ಮ ತರುಣರು, ಅಲ್ಲಿ ಹಲವು ವರ್ಷ ದುಡಿದು, ತೆರಿಗೆ ತೆತ್ತು, ಮಕ್ಕಳನ್ನು ಅಲ್ಲಿಯ ಶಾಲೆಗೆ ಸೇರಿಸಿದ ಬಳಿಕ, ಕಾಲಮಿತಿಯಿಲ್ಲದೆ ಆ ದೇಶದಲ್ಲಿ ನೆಲಸುವ ಹಕ್ಕನ್ನು ಬೇಡುವ ದಿನ ಬರುತ್ತದೆ. ಆಗ ಅವರು ಮೊದಲು ಒಂದು ಪರೀಕ್ಷೆಗೆ ಕುಳಿತು ತೇರ್ಗಡೆಯಾಗಬೇಕು. 'ಲೈಫ್ ಇನ್ ದಿ ಯುಕೆ' ಎಂಬುದು ಅದರ ಹೆಸರು. ಪ್ರಶ್ನೆಗಳು ೨೪, ಕಾಲ ೪೫ ನಿಮಿಷ, ೧೮ ಉತ್ತರಗಳು ಸರಿಯಿದ್ದರೆ ಉತ್ತೀರ್ಣ. ಶುಲ್ಕ ೫೦ ಪೌಂಡು. ತಪ್ಪಿದವನು ಏಳು ದಿನ ಕಳೆದು ಮತ್ತೆ ಕುಳಿತುಕೊಳ್ಳಬಹುದು. ಆದರೆ ಪ್ರತಿಸಲವೂ ಹಣವನ್ನು ಹೊಸದಾಗಿ ಕಟ್ಟಬೇಕು. ೧೮ಕ್ಕಿಂತ ಕಿರಿಯರಿಗೂ ೬೫ನ್ನು ಮುಟ್ಟಿದವರಿಗೂ ಇದರಿಂದ ವಿನಾಯಿತಿಯುಂಟು. ಇದೆಲ್ಲ ಮುಗಿದ ಮೇಲೆ ಸಲ್ಲಿಸುವ ಅರ್ಜಿಯ ಶುಲ್ಕವೇ ಬೇರೆ. ಅದು ೨೦೨೫ರ ಏಪ್ರಿಲಿನಲ್ಲಿ ತಲೆಯೊಂದಕ್ಕೆ ೩,೦೦೦ ಪೌಂಡುಗಳನ್ನು ಮೀರಿತು.

ಪರೀಕ್ಷೆಯಿರುವುದೇ ಅನ್ಯಾಯವೆಂದು ನಾವು ಹೇಳುವುದಿಲ್ಲ. ಒಂದು ಮನೆಗೆ ಬಂದು ನೆಲಸುವವನು ಆ ಮನೆಯ ರೀತಿನೀತಿಗಳನ್ನು ಅರಿತಿರಬೇಕೆಂದು ಮನೆಯವರು ಬಯಸಿದರೆ ಅದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ೨೦೦೨ರಲ್ಲಿ ಈ ವಿಷಯವನ್ನು ವಿಚಾರಿಸಲು ನೇಮಕವಾದ ಸಲಹಾಮಂಡಲಿಗೆ ಅಧ್ಯಕ್ಷರಾಗಿದ್ದವರು ಸರ್ ಬರ್ನಾರ್ಡ್ ಕ್ರಿಕ್ ಎಂಬ ರಾಜ್ಯಶಾಸ್ತ್ರಜ್ಞರು. ನಮ್ಮ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ಲರ ಚರಿತ್ರೆಯನ್ನು ಬರೆದವರೂ ಇವರೇ. ಹೊಸದಾಗಿ ಬಂದವನು ನೆರೆಹೊರೆಯಲ್ಲಿ ಪರಕೀಯನಾಗಿ ಉಳಿಯಬಾರದು, ಭಾಷೆ ಕಲಿತು ಊರಿನ ವ್ಯವಹಾರದಲ್ಲಿ ಪಾಲುಗೊಳ್ಳಬೇಕು ಎಂಬುದೇ ಅವರ ಮಂಡಲಿಯ ಇಂಗಿತವಾಗಿದ್ದಿತು. ಪರೀಕ್ಷೆಯು ೨೦೦೫ರ ನವೆಂಬರಿನಲ್ಲಿ ಪೌರತ್ವ ಬೇಡುವವರಿಗೂ, ೨೦೦೭ರ ಏಪ್ರಿಲಿನಲ್ಲಿ ನೆಲಸುವ ಹಕ್ಕನ್ನು ಬೇಡುವವರಿಗೂ ಕಡ್ಡಾಯವಾಯಿತು. ಇಂಗ್ಲಿಷು ಚೆನ್ನಾಗಿ ಬಾರದವರು ಪರೀಕ್ಷೆಗೆ ಬದಲಾಗಿ ಭಾಷೆಯನ್ನೂ ಪೌರವಿಷಯಗಳನ್ನೂ ಒಟ್ಟಿಗೆ ಕಲಿಸುವ ತರಗತಿಗೆ ಸೇರಿ ಮುಂದೆ ಸಾಗಬಹುದಾಗಿತ್ತು. ಈ ದಾರಿಯನ್ನು ೨೦೧೩ರ ಅಕ್ಟೋಬರಿನಲ್ಲಿ ಮುಚ್ಚಿಬಿಟ್ಟರು.

ಅದೇ ವರ್ಷ ಪರೀಕ್ಷೆಯ ಸರ್ಕಾರಿ ಕೈಪಿಡಿಯ ಮೂರನೆಯ ಆವೃತ್ತಿಯೂ ಹೊರಬಂದಿತು. ಹಿಂದಿನ ಆವೃತ್ತಿಯಲ್ಲಿ ಇತಿಹಾಸದ ಅಧ್ಯಾಯವಿದ್ದರೂ ಅದರಿಂದ ಪ್ರಶ್ನೆ ಕೇಳುತ್ತಿರಲಿಲ್ಲ. ವೈದ್ಯರಲ್ಲಿ ಹೆಸರು ಬರೆಯಿಸುವ ಬಗೆ, ಅಪರಾಧ ನಡೆದರೆ ಯಾರಿಗೆ ತಿಳಿಸಬೇಕು, ಶಾಲೆಗಳು ಹೇಗೆ ನಡೆಯುತ್ತವೆ ಎಂಬ ದಿನಬಳಕೆಯ ಸಂಗತಿಗಳಿಗೆ ಅಲ್ಲಿ ಸ್ಥಾನವಿದ್ದಿತು. ಹೊಸ ಆವೃತ್ತಿಯಲ್ಲಿ ಇಂಥವನ್ನು ಕಳಚಿ, ಇತಿಹಾಸವನ್ನು ಪರೀಕ್ಷೆಯೊಳಕ್ಕೆ ತಂದರು. ಡರ್ಹಾಮ್ ವಿಶ್ವವಿದ್ಯಾನಿಲಯದ ಥಾಮ್ ಬ್ರೂಕ್ಸ್ ಅವರು ಅದೇ ವರ್ಷ ತಮ್ಮ ವರದಿಯಲ್ಲಿ ಇದನ್ನು ಎತ್ತಿ ತೋರಿಸಿದರು. ಅವರು ಅಮೆರಿಕೆಯಲ್ಲಿ ಹುಟ್ಟಿ, ಈ ಪರೀಕ್ಷೆಗೆ ತಾವೇ ಕುಳಿತು ಬ್ರಿಟಿಷ್ ಪೌರರಾದವರು. ಆದುದರಿಂದ ಅವರ ಮಾತು ಹೊರಗೆ ನಿಂತವರ ಗೊಣಗಾಟವಲ್ಲ. ಲಂಡನ್ನಿನ ಹೊಳೆದಂಡೆಯ ಮೇಲಿರುವ ದೊಡ್ಡ ತಿರುಗುಚಕ್ರ ೪೪೩ ಅಡಿ ಎತ್ತರವೆಂಬುದು ಪುಸ್ತಕದಲ್ಲಿ ಉಂಟು. ೧೮೧೦ರಲ್ಲಿ ಆ ನಗರದ ಜಾರ್ಜ್ ಬೀದಿಯಲ್ಲಿ ಮೊದಲ ಹಿಂದೂಸ್ತಾನೀ ಭೋಜನಗೃಹವನ್ನು ತೆರೆದವನು ಶೇಖ್ ದೀನ್ ಮಹಮದನೆಂಬುದೂ ಉಂಟು. ಪಾಟ್ನಾದಲ್ಲಿ ಹುಟ್ಟಿದ ಆ ಸಾಹಸಿಯನ್ನು ಅವರು ನೆನೆಯುತ್ತಿರುವುದು ನಮಗೆ ಸಂತೋಷವೇ. ಆದರೆ ನಡುರಾತ್ರಿ ಮಗುವಿಗೆ ಜ್ವರ ಏರಿದಾಗ ತಾಯಿಯ ನೆರವಿಗೆ ಬರತಕ್ಕದ್ದು ಅವನ ಹೆಸರೂ ಅಲ್ಲ, ಚಕ್ರದ ಎತ್ತರವೂ ಅಲ್ಲ.

ಇದಾದರೂ ನಕ್ಕು ಬಿಡಬಹುದಾದ ದೋಷ. ನಗಲಾಗದ ದೋಷವೊಂದುಂಟು, ಅದು ನಮಗೆ ನೇರವಾಗಿ ಸಂಬಂಧಿಸಿದುದು. ಸಾಮ್ರಾಜ್ಯದ ಅಂತ್ಯವನ್ನು ವರ್ಣಿಸುವಾಗ ಆ ಕೈಪಿಡಿಯು, ಸಾಮ್ರಾಜ್ಯವು ಬಹುಮಟ್ಟಿಗೆ ಕ್ರಮಬದ್ಧವಾಗಿ ಕಾಮನ್‌ವೆಲ್ತ್ ಆಗಿ ಮಾರ್ಪಟ್ಟಿತೆಂದೂ, ದೇಶಗಳಿಗೆ ಸ್ವಾತಂತ್ರ್ಯವನ್ನು ದಯಪಾಲಿಸಲಾಯಿತೆಂದೂ ಅರ್ಥವಾಗುವಂತೆ ಬರೆದಿದ್ದಿತು. ದಯಪಾಲಿಸಲಾಯಿತು! ೧೮೨೪ರ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆಯು ಬಿದ್ದ ದಿನದಿಂದ ಲೆಕ್ಕ ಹಿಡಿಯೋಣ. ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಲೊಲ್ಲದೆ ನಿಂತ ಹಲಗಲಿಯ ಬೇಡರು, ೧೯೩೦ರಲ್ಲಿ ಅಂಕೋಲೆಯ ಕಡಲದಂಡೆಯಲ್ಲಿ ಉಪ್ಪು ತೆಗೆದವರು, ಕರನಿರಾಕರಣೆಗಾಗಿ ಹೊಲಮನೆ ಕಳೆದುಕೊಂಡ ಸಿದ್ದಾಪುರದ ಒಕ್ಕಲಿಗರು, ೧೯೪೩ರ ಏಪ್ರಿಲ್ ೧ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಗೊಟ್ಟ ಮೈಲಾರ ಮಹಾದೇವ, ಇವರೆಲ್ಲರೂ ಯಾರ ಬಾಗಿಲಲ್ಲಿ ದಾನಕ್ಕಾಗಿ ಕಾದು ನಿಂತಿದ್ದರು? ಒಂದು ಕೋಟಿಗೂ ಮಿಕ್ಕ ಜನ ಮನೆಮಠ ಬಿಟ್ಟು ಹೊರಟ ೧೯೪೭ರ ದೇಶವಿಭಜನೆಯನ್ನು ಯಾವ ನಿಘಂಟು ಕ್ರಮಬದ್ಧವೆನ್ನುತ್ತದೆ?

ಈ ಮಾತನ್ನು ಆಡುತ್ತಿರುವವರು ನಾವು ಮಾತ್ರವಲ್ಲ. ೨೦೨೦ರ ಜುಲೈಯಲ್ಲಿ ಬ್ರಿಟನ್ನಿನ ವಿಶ್ವವಿದ್ಯಾನಿಲಯಗಳವರೇ ಸೇರಿ ನೂರೈವತ್ತಕ್ಕೂ ಮೀರಿದ ಇತಿಹಾಸಜ್ಞರು ಬಹಿರಂಗಪತ್ರವೊಂದಕ್ಕೆ ಸಹಿಹಾಕಿ, ಗುಲಾಮಗಿರಿಯ ಕುರಿತೂ ಸಾಮ್ರಾಜ್ಯದ ಕುರಿತೂ ಕೈಪಿಡಿಯು ದಾರಿತಪ್ಪಿಸುತ್ತದೆ, ಸರಿಪಡಿಸುವವರೆಗೆ ಇತಿಹಾಸವನ್ನು ಪರೀಕ್ಷೆಯಿಂದ ತೆಗೆಯಿರಿ ಎಂದು ಒತ್ತಾಯಿಸಿದರು. ೨೦೨೨ರಲ್ಲಿ ಲಾರ್ಡ್ಸ್ ಸಭೆಯ ನ್ಯಾಯ ಮತ್ತು ಗೃಹ ವ್ಯವಹಾರಗಳ ಸಮಿತಿಯೂ, ಪರೀಕ್ಷೆಯಲ್ಲಿರುವುದು ಎಲ್ಲಿಂದಲೋ ಆಯ್ದ ಅಪ್ರಸಿದ್ಧ ಸಂಗತಿಗಳೆಂದು ಟೀಕಿಸಿತು. ಸ್ವದೇಶದ ಪಂಡಿತರೇ ಒಪ್ಪದ ಪಾಠವನ್ನು ಹೊರಗಿನಿಂದ ಬಂದವನು ಬಾಯಿಪಾಠ ಮಾಡಬೇಕೆಂಬುದು ಸೋಜಿಗದ ನ್ಯಾಯ. ಶಾಲೆಯ ಹುಡುಗನಾದರೆ ಗುರುವಿನೊಡನೆ ವಾದಿಸಬಹುದು. ಸಂಸಾರದ ಭವಿಷ್ಯವನ್ನು ಜೇಬಿನಲ್ಲಿಟ್ಟುಕೊಂಡು ಯಂತ್ರದ ಮುಂದೆ ಕುಳಿತವನು ನಾಲ್ಕು ಉತ್ತರಗಳ ಪೈಕಿ ಪುಸ್ತಕ ಹೇಳಿದುದನ್ನೇ ಗುರುತಿಸಬೇಕಷ್ಟೆ. ಐದನೆಯ ಉತ್ತರ ತನಗೆ ಗೊತ್ತೆಂದು ಹೇಳಲು ಅಲ್ಲಿ ಎಡೆಯಿಲ್ಲ.

ವಲಸೆ ಬರುವವನನ್ನು ಪರೀಕ್ಷಿಸುವ ಪದ್ಧತಿಯ ಪೂರ್ವಚರಿತ್ರೆಯೂ ನಮಗೆ ಮರೆತುಹೋಗಿಲ್ಲ. ೧೮೯೭ರಲ್ಲಿ ದಕ್ಷಿಣ ಆಫ್ರಿಕೆಯ ನೇಟಾಲಿನವರು, ಯುರೋಪಿನ ಯಾವುದಾದರೊಂದು ಭಾಷೆಯಲ್ಲಿ ಅರ್ಜಿ ಬರೆಯಲಾರದವನು ಒಳಗೆ ಬರಬಾರದೆಂದು ಕಾನೂನು ಮಾಡಿದರು. ಅದರಲ್ಲಿ ಭಾರತೀಯರ ಹೆಸರೇ ಇರಲಿಲ್ಲ, ಆದರೆ ಗುರಿಯೆಲ್ಲ ಅವರ ಮೇಲೆಯೇ ಇತ್ತು. ಅದೇ ವರ್ಷದ ಜನವರಿಯಲ್ಲಿ ಡರ್ಬನ್ನಿನ ಬೀದಿಯಲ್ಲಿ ಗುಂಪಿನ ಹೊಡೆತ ತಿಂದ ಗಾಂಧಿಯವರು ಇದನ್ನು ಕಣ್ಣಾರೆ ಕಂಡು ಪ್ರತಿಭಟಿಸಿದರು. ಈ ಮಾದರಿಯನ್ನೇ ಆಸ್ಟ್ರೇಲಿಯವು ೧೯೦೧ರಲ್ಲಿ ಹಿಡಿದು, ಅಧಿಕಾರಿಯು ತನಗಿಷ್ಟವಾದ ಯುರೋಪಿಯನ್ ಭಾಷೆಯಲ್ಲಿ ಐವತ್ತು ಮಾತುಗಳನ್ನು ಉಕ್ತಲೇಖನವಾಗಿ ಬರೆಯಿಸಬಹುದೆಂದು ವಿಧಿಸಿತು. ೧೯೩೪ರಲ್ಲಿ ಪ್ರಾಗ್ ನಗರದ ಲೇಖಕ ಎಗೋನ್ ಕಿಷ್ ಎಂಬಾತ ಫ್ಯಾಸಿಸ್ಟರ ವಿರುದ್ಧ ಭಾಷಣ ಮಾಡಲು ಅಲ್ಲಿಗೆ ಹೋದಾಗ, ಆತ ಹಲವು ಭಾಷೆಗಳನ್ನು ಬಲ್ಲವನೆಂದು ತಿಳಿದು, ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಪರೀಕ್ಷೆ ಕೊಟ್ಟರು! ಅಲ್ಲಿಯ ಹೈಕೋರ್ಟು ಅದನ್ನು ತಳ್ಳಿಹಾಕಿತು. ೧೯೫೮ರಲ್ಲಿ ಆ ಉಕ್ತಲೇಖನವೇ ರದ್ದಾಯಿತು. ಇಂದಿನ ಬ್ರಿಟಿಷ್ ಪರೀಕ್ಷೆಯನ್ನು ಅದರ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯವಾದೀತು. ಇದಕ್ಕೆ ಪುಸ್ತಕವುಂಟು, ಮೊದಲೇ ಓದಿಕೊಳ್ಳಬಹುದು, ಬಣ್ಣದ ಭೇದವಿಲ್ಲ. ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಭಾಷೆಯಲ್ಲೂ ವೇಲ್ಸಿನಲ್ಲಿ ವೆಲ್ಷ್ ಭಾಷೆಯಲ್ಲೂ ಬರೆಯಲು ಅವಕಾಶವಿತ್ತಿದ್ದಾರೆ. ಒಮ್ಮೆ ಬಾಗಿಲು ಮುಚ್ಚುವ ಅಗುಳಿಯಾಗಿದ್ದ ಭಾಷೆ ಈಗ ಸೌಕರ್ಯವಾಗಿದೆ. ಇದನ್ನು ನಾವು ಮನಸಾರೆ ಮೆಚ್ಚುತ್ತೇವೆ.

ನಮ್ಮ ಮನೆಯ ಕಡೆಗೂ ಒಮ್ಮೆ ನೋಡಬಹುದು. ನಮ್ಮ ೧೯೫೫ರ ಪೌರತ್ವ ಶಾಸನದ ಮೂರನೆಯ ಅನುಸೂಚಿಯು, ದೇಶೀಕರಣವನ್ನು ಬೇಡುವ ಪರದೇಶೀಯನಿಗೆ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಒಂದು ಭಾಷೆಯ ಸಾಕಷ್ಟು ಜ್ಞಾನವಿರಬೇಕೆಂದು ಹೇಳುತ್ತದೆ. ಕನ್ನಡವೂ ಆ ಪಟ್ಟಿಯಲ್ಲಿದೆಯಾದ್ದರಿಂದ, ಧಾರವಾಡದಲ್ಲಿ ನೆಲಸಿ ಕನ್ನಡ ಕಲಿತ ಇಂಗ್ಲಿಷರವನೊಬ್ಬನು ಹಿಂದಿಯ ಒಂದು ಅಕ್ಷರವನ್ನೂ ಅರಿಯದೆ ಭಾಷೆಯ ಮಟ್ಟಿಗೆ ಅರ್ಹನಾಗಬಲ್ಲನು. ನಮ್ಮ ಇತಿಹಾಸವನ್ನು ನಾವು ಹೇಳಿದಂತೆಯೇ ಒಪ್ಪಬೇಕೆಂದು ಈ ಅನುಸೂಚಿಯು ಅವನನ್ನು ಕೇಳುವುದಿಲ್ಲ.

೨೦೨೫ರ ಮೇ ತಿಂಗಳಿನಲ್ಲಿ ಬ್ರಿಟಿಷ್ ಸರ್ಕಾರವು ಪ್ರಕಟಿಸಿದ ಶ್ವೇತಪತ್ರದಲ್ಲಿ, ನೆಲಸುವ ಹಕ್ಕಿಗೆ ಸಾಮಾನ್ಯವಾಗಿ ಐದು ವರ್ಷವಿದ್ದ ಕಾಯುವ ಅವಧಿಯನ್ನು ಹತ್ತಕ್ಕೆ ಏರಿಸುವ ಆಲೋಚನೆ ಕಾಣಿಸಿಕೊಂಡಿತು. ಹತ್ತು ವರ್ಷ ಒಂದು ನಾಡಿನ ರೋಗಿಗಳನ್ನು ಉಪಚರಿಸಿದ ದಾವಣಗೆರೆಯ ವೈದ್ಯನಿಗೆ ಆ ನಾಡಿನ ರೀತಿ ಗೊತ್ತೇ ಎಂದು ಕೇಳುವುದಾದರೆ, ಕಡೆಯಪಕ್ಷ ಆಸ್ಪತ್ರೆ, ಶಾಲೆ, ನ್ಯಾಯಾಲಯ, ಮತದಾನಗಳ ವಿಷಯವನ್ನು ಕೇಳಲಿ. ಇತಿಹಾಸವನ್ನು ಕೇಳಲೇಬೇಕೆಂದಿದ್ದರೆ, ೨೦೨೦ರ ಪತ್ರಕ್ಕೆ ಸಹಿಹಾಕಿದವರಲ್ಲಿ ನಾಲ್ವರನ್ನು ಕರೆದು ಆ ಅಧ್ಯಾಯವನ್ನು ಮೊದಲು ತಿದ್ದಿಸಲಿ.